ಜೊತೆಗೊಯ್ದ ಕಲ್ಲು

ಅಪ್ಪನ ಕೆನ್ನೆಗೆ ಹೊಡೆದವನನ್ನು ಕೇಳಲು ನಾವು ಮೂವರು ಅಣ್ಣತಮ್ಮಂದಿರು ಸವಳಂಗಕ್ಕೆ ಹೊರಟ ಬೆಳಿಗ್ಗೆ, ಟಿವಿಯಲ್ಲಿ ಹಳೆಯ ಕೌಬಾಯ್ ಸಿನಿಮಾ ಬರುತ್ತಿತ್ತು. ಅದರಲ್ಲೂ ಮನೆತನದ ಮರ್ಯಾದೆಗಾಗಿ ಮೂವರು ಸಹೋದರರು ಕುದುರೆ ಏರಿದರು.

"ಮೂರು ಜನ ಹೊಂಟಿದೀರ, ಒಂದು ಕಲ್ಲಾದ್ರೂ ಇಟ್ಕಳ್ರೋ!" ಎಂದು ಪಕ್ಕದ ಮನೆಯ ಕೊಟ್ರೇಶಣ್ಣ ನಕ್ಕ. ಮೂವರೇ ಹೊರಟರೆ ಕೆಡುಕೆಂದು ನಮ್ಮಲ್ಲಿ ಕಲ್ಲೊಂದನ್ನು ನಾಲ್ಕನೆಯವನಾಗಿ ಒಯ್ಯುತ್ತಾರೆ. ಅಂಗಳದ ಕಲ್ಲನ್ನು ನಾನೇ ಜೇಬಿಗೆ ಹಾಕಿಕೊಂಡೆ.

ಬಸ್ಸಿನಲ್ಲಿ ಕಂಡಕ್ಟರ್ ನಾಲ್ಕು ಟಿಕೆಟ್ ಕೊಟ್ಟ.

"ಮೂರೇ ಜನ ರೀ."

"ಕಿಟಕಿ ಹತ್ರ ಕುಂತೋರು ನಿಮ್ಮೋರಲ್ವಾ?"

ಕಿಟಕಿಯ ಪಕ್ಕದ ಸೀಟು ಖಾಲಿ ಇತ್ತು.

ಸವಳಂಗದಲ್ಲಿ ಅಪ್ಪನಿಗೆ ಹೊಡೆದವನ ಮನೆಯೊಳಗೆ ಅಣ್ಣ ಒಬ್ಬನೇ ಹೋದ. ಹೊರಬಂದವನು ನನ್ನ ಕೈ ಹಿಡಿದುಕೊಂಡ. ಉರಿಬಿಸಿಲಲ್ಲೂ ಅವನ ಕೈ ತಣ್ಣಗಿತ್ತು. ಆರು ತಿಂಗಳಾಯಿತು, ಇನ್ನೂ ಹಾಗೇ ಇದೆ.

ಆ ಕಲ್ಲು ನನ್ನ ಮೇಜಿನ ಮೇಲಿದೆ. ಯಾವಾಗ ಮುಟ್ಟಿದರೂ ಮನುಷ್ಯರ ಮೈಯಷ್ಟು ಬೆಚ್ಚಗಿರುತ್ತದೆ.