ಖಂಡೇ ಪೂಜೆಯ ದಿನದ ಬೆಸುಗೆ

೨೦೨೫ರ ಅಕ್ಟೋಬರ್ ೧೪ರ ಮಧ್ಯಾಹ್ನ ಖಾನಾಪುರ ಠಾಣೆಗೆ ದೂರು ಹಿಡಿದು ಬಂದ ಮಾಯಕ್ಕ ಕುರ್ಚಿಯಲ್ಲಿ ಕೂರಲೇ ಇಲ್ಲ. ಹಿಂದಿನ ದಿನ ಅವಳ ಮಗ ಯಲ್ಲೇಶ ಓಡಿಸುತ್ತಿದ್ದ ಟ್ರ್ಯಾಕ್ಟರಿನ ಇಟ್ಟಂಗಿ ತುಂಬಿದ ಟ್ರೇಲರ್ ಬೆಳಗಾವಿ ರಸ್ತೆಯಲ್ಲಿ ಮಗುಚಿ ಸೈಕಲ್ ಸವಾರನೊಬ್ಬ ಸತ್ತಿದ್ದ. ಯಲ್ಲೇಶ ಬೆಳಗಾವಿಯ ನೆಹರು ನಗರದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಎಫ್‌ಐಆರ್‌ನಲ್ಲಿ ಅವನೇ ಆರೋಪಿ: ಅತಿವೇಗ, ನಿರ್ಲಕ್ಷ್ಯದ ಚಾಲನೆ.

"ನನ್ನ ಮಗ ಜೋರ ಹೊಡಿಯಾಂವ ಅಲ್ರೀ ಮೇಡಮ್ಮಾರ. ಕಣ್ಣ ಬಿಟ್ಟ ಕೂಡ್ಲೇ ಬೇಡಿ ಹಾಕ್ತೀರೇನು?"

ಇನ್ಸ್‌ಪೆಕ್ಟರ್ ಮುಗ್ಧಾಳಿಗೆ ತನ್ನ ಠಾಣೆಯ ಮೇಲೇ ಸಿಟ್ಟು ಬಂತು. ಟ್ರೇಲರನ್ನು ಯಾರೂ ಬಗ್ಗಿ ನೋಡದೆಯೇ ಎಫ್‌ಐಆರ್ ಬರೆದಿದ್ದರು. ಕಾನ್‌ಸ್ಟೇಬಲ್ ಸಾತಪ್ಪನನ್ನು ಕರೆದುಕೊಂಡು ಜೀಪು ಹತ್ತಿದಳು.

ಅಪಘಾತದ ಜಾಗದಲ್ಲಿ, ಪಂಚನಾಮೆಗೆ ಬಂದ ಸಾರಿಗೆ ಇಲಾಖೆಯ ನಿರೀಕ್ಷಕ ವಿನಯ ಟ್ರೇಲರ್ ಕೆಳಗಿನಿಂದ ತೆವಳಿ ಹೊರಬಂದ.

"ಬಿದ್ದು ಮುರದಿಲ್ರಿ ಮೇಡಮ್. ಚಾಸಿ, ಅಂದ್ರ ಕೆಳಗಿನ ಕಬ್ಬಿಣದ ಚೌಕಟ್ಟು, ಮುರದ ಬಿದ್ದೈತಿ. ಈ ತುದಿಯಿಂದ ಆ ತುದಿತನಕ ಒಂದೇ ದಮ್ಮಿಗೆ ರಾಡ್ ವೆಲ್ಡಿಂಗ್ ಎಳದಾರ. ಆ ಬಿಸಿಗೆ ಸೊಟ್ಟ ಆಗೈತಿ. ಗ್ಯಾಸಿನ ಉರಿ ಹಿಡದು, ನೀರು ಸುರುವಿ ನೆಟ್ಟಗ ಮಾಡ್ಯಾರ. ಅಲ್ಲೇ ಪೆಡಸಾಗಿ ಬಿರುಕು ಬಿಟ್ಟೈತಿ. ಬಿರುಕಿನ ಮ್ಯಾಲ ಪುಟ್ಟಿ, ಅದರ ಮ್ಯಾಲ ಬಣ್ಣ."

ಟ್ರೇಲರ್ ಕಟ್ಟಿಕೊಟ್ಟ ಗುರುಸಿದ್ದನ ಕಾರ್ಖಾನೆ ದೇಸೂರಿನಲ್ಲಿತ್ತು. ಅವನು ಚಹಾ ತರಿಸಲು ಹೊರಟ. ಮುಗ್ಧಾ ತಡೆದಳು.

"ಚಾಸಿ ಹೆಂಗ ಬೆಸೀತೀರಿ?"

"ಅಲುಗಾಡದಂಗ ಮೇಜಿಗೆ ಶಿಕಂಜಾ ಹಾಕಿ ಬಿಗೀತೀವ್ರಿ. ಮಿಗ್ ವೆಲ್ಡಿಂಗ್ ಮಷಿನ್‌ಲೇ ತುಸು ಇಲ್ಲಿ, ಅದು ಆರೂತನಕ ತುಸು ಅಲ್ಲಿ. ಕೂದಲೆಳಿಯಷ್ಟೂ ಸೊಟ್ಟ ಆಗೂದಿಲ್ರಿ."

ಖರೇ ಇತ್ತು. ಮೇಜಿನ ಮೇಲಿದ್ದ ಹೊಸ ಚಾಸಿಗೆ ಸಾತಪ್ಪ ಕಣ್ಣಿಟ್ಟು ನೋಡಿದ, ಎಲ್ಲೂ ಡೊಂಕಿರಲಿಲ್ಲ. ಇಷ್ಟು ಬಲ್ಲವನು ಆ ಟ್ರೇಲರನ್ನು ಹೀಗೇಕೆ ಕೆಡಿಸಿದ? ಮಿಗ್ ಮಷಿನ್ನಿಗೂ ಮೇಜಿಗೂ ಹಾಕಿದ್ದ ಚೆಂಡು ಹೂವಿನ ಹಾರ ಒಣಗಿ ಇನ್ನೂ ನೇತಾಡುತ್ತಿತ್ತು. ಮುಗ್ಧಾ ಅದನ್ನೇ ನೋಡುತ್ತ ಕೇಳಿದಳು.

"ಯಲ್ಲೇಶನ ಟ್ರೇಲರ್ ಯಾವಾಗ ಕೊಟ್ರಿ?"

"ದಸರಾ ಮುಂಜಾನೆ, ಮುಹೂರ್ತಕ್ಕ."

"ಅಂದ್ರ ಬೆಸದದ್ದು ಹಿಂದಿನ ದಿನ, ಆಯುಧಕ್ಕ ಮಷಿನ್ನಿಗೆ ಪೂಜಿ ಮಾಡೂ ಖಂಡೇ ಪೂಜಿ ದಿನ. ಪೂಜಿ ಮಾಡಿದ ಮಷಿನ್ ಮುಟ್ಟೂಹಂಗಿಲ್ಲ. ಯಾವುದ್ರಲೇ ಬೆಸದ್ರಿ?"

ಗುರುಸಿದ್ದ ಮೂಲೆಯತ್ತ ಕೈ ತೋರಿಸಿದ. "ಗುಜರಿಗೆ ಹಾಕಿದ್ದ ಹಳೇ ರಾಡ್ ಮಷಿನ್, ಗ್ಯಾಸಿನ ಸಾಮಾನ ತಗದ್ನಿರಿ. ಅವಕ್ಕ ಪೂಜಿ ಆಗಿರಲಿಲ್ಲ. ಮೇಜಿಗೂ ಹಾರ ಬಿದ್ದಿತ್ತು, ನೆಲದ ಮ್ಯಾಲ ಇಟ್ಟು ಬೆಸದ್ನಿ."

"ಬಿರುಕು ಕಂಡಿತ್ತು?"

"ಕಂಡಿತ್ರಿ."

"ಕಂಡೂ ಯಾಕ ಕೊಟ್ಟಿ?"

"ಹಬ್ಬ ಮುಗದ ಮ್ಯಾಲ ಕರಿಸಿ, ಹೊಸದಾಗಿ ಬೆಸದ ಕೊಡೂಣು ಅಂದಿದ್ನಿರಿ. ಕರಿಯಾಕ ಬಾಯಿ ಬರಲಿಲ್ಲ."

ಸಂಜೆ ಅವನನ್ನು ಬಂಧಿಸಲಾಯಿತು. ಹಿಂದಿನ ವರ್ಷ ಇದೇ ಪೂಜೆಯ ದಿನ, ಅವಸರದ ಕೆಲಸವೆಂದು ಹಾರ ತೆಗೆಸಿ ತಮ್ಮನಿಂದ ಮಷಿನ್ ಚಾಲೂ ಮಾಡಿಸಿದವನು ಗುರುಸಿದ್ದನೇ ಎಂದು ಜೀಪಿನಲ್ಲಿ ಅವನ ಮಾತಿನಿಂದಲೇ ತಿಳಿಯಿತು. ತಮ್ಮ ಕರೆಂಟ್ ಹೊಡೆದು ಸತ್ತಿದ್ದ. ಪೂಜೆ ಮುರಿದದ್ದಕ್ಕೇ ಹೀಗಾಯಿತೆಂದು ಮನೆಯವರೆಲ್ಲ ನಂಬಿದ್ದರು, ಅವನಂತೂ ಎಲ್ಲರಿಗಿಂತ ಹೆಚ್ಚು.

ಯಲ್ಲೇಶನ ಹೆಸರನ್ನು ಆರೋಪದಿಂದ ಕೈಬಿಡಲು ನ್ಯಾಯಾಲಯಕ್ಕೆ ವರದಿ ಬರೆದು ಮುಗ್ಧಾ ಆಸ್ಪತ್ರೆಗೆ ಹೋದಳು. ಮಾಯಕ್ಕ ಎಲ್ಲವನ್ನೂ ಕೇಳಿಸಿಕೊಂಡಳು, ಆ ತಮ್ಮನ ಸಂಗತಿಯನ್ನೂ.

"ಹಂಗಾರ ಮನಿಗೆ ಹೆಣ ಬಂದ್ರ ಹೆಂಗಿರತೈತಿ ಅಂತ ಅವಗ ಗೊತ್ತಿತ್ತಲ್ರೀ," ಎಂದಳು.

ಒಳಗೆ ಯಲ್ಲೇಶ ಇನ್ನೂ ಕಣ್ಣು ಬಿಟ್ಟಿರಲಿಲ್ಲ.