ಗಿಡುಗನ ಮೂಗಿನ ಕೆಂಪು ಕುಲಾವಿ

ಬಹಳ ಹಿಂದೆ, ಕಬ್ಬಿಣಕ್ಕೂ ಮಾತು ಬರುತ್ತಿದ್ದ ಕಾಲದಲ್ಲಿ, ಗಾಳಿಗೆರೆ ಅಂತ ಒಂದು ರಾಜ್ಯವಿತ್ತು. ಆ ರಾಜ್ಯದ ಮೂಲೆಯಲ್ಲಿ ರೆಕ್ಕೆಪೇಟೆ ಅಂತ ಒಂದು ಪುಟ್ಟ ಊರು. ಬೇರೆ ಊರುಗಳಲ್ಲಿ ಮನೆ ಮುಂದೆ ಎತ್ತು ಕಟ್ಟುತ್ತಾರೆ. ರೆಕ್ಕೆಪೇಟೆಯಲ್ಲಿ ವಿಮಾನ ಕಟ್ಟುತ್ತಿದ್ದರು. ಸುಳ್ಳಲ್ಲ, ಹಳೇ ಯುದ್ಧವಿಮಾನಗಳು! ಯುದ್ಧ ಮುಗಿದ ಮೇಲೆ ಆಗಿನ ರಾಜ, "ಇವಕ್ಕೆ ಎಣ್ಣೆ ಕುಡಿಸಿ ಸಾಕೋಕೆ ನನ್ನ ಕೈಲಾಗಲ್ಲ. ಹಾರಿಸಿದೋರೇ ಮನೆಗೆ ಹೊಡ್ಕೊಂಡು ಹೋಗ್ರಪ್ಪ" ಅಂದುಬಿಟ್ಟ. ಅವರೂ ಹೊಡ್ಕೊಂಡು ಬಂದರು.

ಆ ಊರಿನಲ್ಲಿ ತಿಬ್ಬ ಅಂತ ಒಬ್ಬ ಹುಡುಗನಿದ್ದ. ಮೇಷ್ಟರ ಟೋಪಿ ಕದ್ದು ವಿಮಾನದ ಬಾಲಕ್ಕೆ ಕಟ್ಟಿದವನು ಇವನೇ. ಅವನ ಅಜ್ಜಿ ಹಲಗಮ್ಮ. ಮನೆಯಲ್ಲಿ ಇವರಿಬ್ಬರು, ಮನೆ ಮುಂದೆ ಗಿಡುಗ. ಗಿಡುಗ ಅಂದರೆ ಅವರ ವಿಮಾನ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ತೇಪೆ ಹಾಕಿದ ಹೊಟ್ಟೆ, ಬೆಳಗಾದರೆ ಕೆಮ್ಮು.

ತೀರಿಹೋದ ಅಜ್ಜ ಕಾಳಿಂಗಯ್ಯ ಅದನ್ನು ಹಾರಿಸುತ್ತಿದ್ದ. ಅವನು ಮನೆ ಮೇಲೆ ತಗ್ಗಿ ಹಾರಿದಾಗಲೆಲ್ಲ ಮಾಳಿಗೆಯಲ್ಲಿ ಒಣಗಿಸಿದ್ದ ಸಂಡಿಗೆಯೆಲ್ಲ ಎದ್ದು ಪಕ್ಕದ ಊರಿಗೆ ಬೀಳುತ್ತಿತ್ತಂತೆ. "ಯುದ್ಧ ಗೆದ್ದೋರು ಊರೋರೆಲ್ಲ, ಸಂಡಿಗೆ ಸೋತೋಳು ನಾನೊಬ್ಬಳೆ" ಅಂತ ಅಜ್ಜಿ ದಿನಾ ಬಯ್ಯುತ್ತಿದ್ದಳು. ಬಯ್ಯುತ್ತಾ ಬಯ್ಯುತ್ತಾ ನಗುತ್ತಿದ್ದಳು.

ಆ ಊರಿನಲ್ಲಿ ಎರಡು ಪದ್ಧತಿ ಇತ್ತು. ಇವೆರಡನ್ನೂ ಚೆನ್ನಾಗಿ ನೆನಪಿಟ್ಟುಕೊಳ್ಳಿ, ಆಮೇಲೆ ಕೇಳಿದರೆ ನಾನು ಹೇಳಲ್ಲ.

ಒಂದನೆಯದು: ವಿಮಾನಕ್ಕೆ ಬೋಲ್ಟು ಬಿಗಿಯುವಾಗ ಮನೆಯ ಒಂದು ಸಂಗತಿ ಅದರ ಕಿವಿಗೆ ಹೇಳಿ ಬಿಗಿಯಬೇಕು. ಮಗು ನಡೆದದ್ದು, ಹಸು ಕರು ಹಾಕಿದ್ದು, ಹೀಗೆ. ಬೋಲ್ಟು ಇರುವ ತನಕ ಆ ನೆನಪು ಗಟ್ಟಿ.

ಎರಡನೆಯದು: ಗಿಡುಗನ ಎಡರೆಕ್ಕೆಯ ತುದಿಯಲ್ಲಿ ಬೆರಳಿನಂಥ ಒಂದು ಕೊಳವೆ ಇತ್ತು. ಅದೇ ಅದರ ಮೂಗು. ಆ ಮೂಗಿಗೆ ಗಾಳಿ ಹೊಕ್ಕರೆ ಮಾತ್ರ ತಾನು ಎಷ್ಟು ಜೋರಾಗಿ ಹೋಗುತ್ತಿದ್ದೇನೆ ಅಂತ ಗಿಡುಗನಿಗೆ ಗೊತ್ತಾಗುವುದು. ಅದರೊಳಗೆ ಕಣಜ ಗೂಡು ಕಟ್ಟದಿರಲಿ ಅಂತ ಅಜ್ಜಿ ಕೆಂಪು ಬಟ್ಟೆಯಲ್ಲಿ ಒಂದು ಕುಲಾವಿ ಹೊಲಿದು, ಎಳೆಮಗುವಿನ ತಲೆಗೆ ಹಾಕಿದ ಹಾಗೆ ಆ ಮೂಗಿಗೆ ಹಾಕಿದ್ದಳು. ಹಾರುವ ಮುಂಚೆ ಮನೆಯವರು ಕುಲಾವಿ ತೆಗೆದು, ವಿಮಾನದ ಎದುರು ನಿಂತು, ಕೈಯೆತ್ತಿ ತೋರಿಸಿ "ತೆಗೆದೆ!" ಅನ್ನಬೇಕು. ಹಾರುವವನು "ಕಂಡೆ!" ಅನ್ನಬೇಕು. ಆಮೇಲೇ ಹೊರಡುವುದು. ವಿಮಾನ ತಿರುಗಿ ಬರುವ ತನಕ ಕುಲಾವಿ ಹಿಡಿದವರು ಬಯಲು ಬಿಟ್ಟು ಕದಲುವ ಹಾಗಿಲ್ಲ.

ಹೀಗಿರುವಾಗ ದೂರದ ಕೆಂಪುಗುಡ್ಡದ ಮೇಲೆ ತುಕ್ಕರಾಯ ಅನ್ನುವ ಮಾಂತ್ರಿಕ ಬಂದು ಕೂತ. ಅವನು ಗುಡ್ಡದಿಂದ ಊದಿದರೆ ರಾಜ್ಯದ ಕಬ್ಬಿಣಕ್ಕೆಲ್ಲ ತುಕ್ಕು. ತುಕ್ಕು ತಿಂದ ಬೋಲ್ಟು ಟಣ್ ಅಂತ ಕಳಚುತ್ತಿತ್ತು. ಕಳಚಿದ್ದು ಕೆಂಪು ಜೀರುಂಡೆಯಾಗಿ ಹಾರಿಹೋಗಿ ತುಕ್ಕರಾಯನ ಕೊಡಕ್ಕೆ ಬೀಳುತ್ತಿತ್ತು. ಇಲ್ಲಿ ಮನೆಯಲ್ಲಿ ಒಂದು ನೆನಪು ಖಾಲಿ.

ಮನೆಮನೆಯ ವಿಮಾನ ಉದುರಿತು. ಪಕ್ಕದ ಮನೆಯ ಚಿಕ್ಕತಾಯಮ್ಮನೂ ಅವಳ ಗಂಡನೂ ದಿನಾ ಬೆಳಗ್ಗೆ ಎದ್ದು "ತಾವು ಯಾರು?" "ತಾವು ಯಾರು?" ಅಂತ ಕೇಳಿಕೊಳ್ಳುತ್ತಿದ್ದರು. ರಾಜನಂತೂ ಸಿಂಹಾಸನದ ಬೋಲ್ಟು ಕಳಚಿ ತಾನು ರಾಜ ಅನ್ನುವುದನ್ನೇ ಮರೆತು, ಅರಮನೆ ಬಾಗಿಲು ತಟ್ಟಿ "ಮಹಾರಾಜರು ಮನೇಲಿದಾರಾ?" ಅಂತ ಕೇಳುತ್ತಿದ್ದ. ತಿಬ್ಬ ಮೊದಮೊದಲು ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ.

ಒಂದು ಬೆಳಗ್ಗೆ ಗಿಡುಗನ ಹೊಟ್ಟೆಯಿಂದ ಟಣ್ ಅಂತ ಸದ್ದಾಯಿತು.

ಅಂದು ಅಜ್ಜಿ ಸಾರಿಗೆ ಉಪ್ಪು ಹಾಕಿದಳು. ಹಾಕಿದ್ದು ಮರೆತು ಮತ್ತೆ ಹಾಕಿದಳು. ಅದನ್ನೂ ಮರೆತು ಮತ್ತೆ ಹಾಕಿದಳು.

"ಹೆಂಗೈತ್ಲಾ ಮಗ ಸಾರು?"

"ಚೆನ್ನಾಗೈತೆ ಕಣಜ್ಜಿ" ಅಂದ ತಿಬ್ಬ. ಕಣ್ಣಲ್ಲಿ ನೀರು ಬಂತು. ಉಪ್ಪಿಗೋ ಏನೋ. ತಟ್ಟೆ ಬರಿದು ಮಾಡಿದ.

ಮಾರನೆಯ ದಿನ ಟಣ್. ಅವತ್ತು ತಿಬ್ಬ ಬೇಕೆಂದೇ, "ಅಜ್ಜಿ, ತಾತ ನಿನ್ನ ಸಂಡಿಗೆ ಹಾರಿಸಿದ್ದು ಹೇಳು" ಅಂದ.

"ಯಾವ ಸಂಡಿಗೆನೋ? ಸಂಡಿಗೆ ಯಾಕೆ ಹಾರುತ್ತೆ, ಅದೇನು ಹಕ್ಕೀನಾ?"

ತಿಬ್ಬನ ನಗು ಅಲ್ಲೇ ನಿಂತಿತು. ಓಡಿಹೋಗಿ ಗಿಡುಗನ ಹೊಟ್ಟೆಯ ಕೆಳಗೆ ತೂರಿ ನೋಡಿದ. ಎಲ್ಲ ಬೋಲ್ಟೂ ಮುದುಕರ ಹಲ್ಲಿನ ಹಾಗೆ ಅಲುಗಾಡುತ್ತಿದ್ದವು.

"ಗಿಡುಗಜ್ಜ, ಇನ್ನೆಷ್ಟು ದಿನ?"

"ದಿನದ ಮಾತಾಡಬೇಡ, ಹೊತ್ತಿನ ಮಾತಾಡು" ಅಂತ ಗಿಡುಗ ಕೆಮ್ಮಿತು. "ಸೀಟಿನ ಕೆಳಗೆ ಒಂದು ಬೋಲ್ಟಿದೆ ನೋಡು. ನೀನು ಹುಟ್ಟಿದ ದಿನ ನಿಮ್ಮಜ್ಜಿ ಬಿಗಿದಿದ್ದು. ಅದೂ ಹೋದರೆ ನೀನು ಯಾರು ಅಂತಾನೂ ಅವಳಿಗೆ ಗೊತ್ತಿರಲ್ಲ."

"ಹಂಗಾದ್ರೆ ಕೊಡ ತರೋಣ ನಡಿ."

"ನಡೀಬೇಕಾ? ಸೇತುವೆಗಳೆಲ್ಲ ತುಕ್ಕು ತಿಂದು ಬಿದ್ದಿವೆ. ಹಾರಬೇಕು. ಹಾರೋಕೆ ಎಣ್ಣೆ ಬೇಕು."

ಎಣ್ಣೆ ಇದ್ದದ್ದು ಊರಾಚೆಯ ಎಣ್ಣೆಬಾವಿಯಲ್ಲಿ. ಆ ಬಾವಿಗೆ ಕಾವಲು ಒಂದು ಕಪ್ಪೆ. ಕಪ್ಪೆ ಅಂದರೆ ಗುಡಿಸಲಿನಷ್ಟು ದೊಡ್ಡ ಕಪ್ಪೆ. ತಿಬ್ಬ ಒಂದು ಕೈಯಲ್ಲಿ ಖಾಲಿ ಡಬ್ಬ, ಇನ್ನೊಂದು ಕೈಯಲ್ಲಿ ಅಜ್ಜಿಯ ಸಾರಿನ ಪಾತ್ರೆ ಹಿಡಿದು ಹೋದ.

"ನಾನು ತಿನ್ನದೇ ಇರೋದನ್ನ ಕೊಟ್ಟರೆ ಎಣ್ಣೆ. ಇಲ್ಲದಿದ್ದರೆ ನಿನ್ನನ್ನೇ ತಿಂತೀನಿ" ಅಂತು ಕಪ್ಪೆ.

"ತಗೋ ಅಕ್ಕ, ನಮ್ಮಜ್ಜಿ ಮಾಡಿದ ಸಾರು. ಬೆಳಗ್ಗೆ ಇಂಥದ್ದೇ ಒಂದು ತಟ್ಟೆ ಉಂಡಿದೀನಿ, ನೋಡು, ಸತ್ತಿಲ್ಲ."

ಕಪ್ಪೆ ಒಂದೇ ಗುಟುಕಿಗೆ ಸುರಿದುಕೊಂಡಿತು. ಕಣ್ಣು ಹೊರಗೆ ಬಂತು. ನಾಲಿಗೆ ಮಾರುದ್ದ ನೇತಾಡಿತು. "ನೀರು! ನೀರು!" ಅಂತ ಕೆರೆಯ ಕಡೆಗೆ ನೆಗೆದದ್ದು ಕೆರೆ ಬತ್ತುವ ತನಕ ಬರಲಿಲ್ಲ. ತಿಬ್ಬ ಡಬ್ಬ ತುಂಬಿಕೊಂಡ.

ಅಷ್ಟರಲ್ಲಿ ಊರ ಕಡೆಯಿಂದ ಟಣ್ ಅಂತ ಕೇಳಿತು. ಅಯ್ಯೋ, ಈಗ ಅಜ್ಜಿ ಏನು ಮರೆತಳೋ!

ಅಜ್ಜಿ ಮರೆತದ್ದು ಕುಲಾವಿಯನ್ನು.

ತಿಬ್ಬ ಎಣ್ಣೆ ಸುರಿದ. ಮೂತಿಯ ಫ್ಯಾನು ತಿರುಗಿಸಿದ. ಗಿಡುಗ ಕೆಮ್ಮಿ, ಹೊಗೆ ಉಗುಳಿ, ಗುಡುಗತೊಡಗಿತು. ತಿಬ್ಬ ಸೀಟಿಗೆ ನೆಗೆದ. ಅಜ್ಜಿ ಎದುರಿಗೆ ಬಂದು ನಿಂತಳು. ಅಭ್ಯಾಸಬಲದಿಂದ ಕಾಲು ಕರೆತಂದಿತ್ತು. ಆದರೆ ಯಾಕೆ ಬಂದೆ ಅಂತ ಅವಳಿಗೇ ತಿಳಿಯಲಿಲ್ಲ. ಬರಿಗೈ ನೋಡಿಕೊಳ್ಳುತ್ತಾ ನಿಂತಳು.

"ಏನಜ್ಜಿ, ಬೇಗ ಹೇಳು!"

"ಏನೋ ಹೇಳೋದಿತ್ತು ಕಣ್ಲಾ ಮಗ... ಬಾಯಿಗೇ ಬರ್ತಿಲ್ಲ."

"ಬಂದ್ಮೇಲೆ ಹೇಳುವಂತೆ!" ಅಂದವನೇ ಹೊರಟ. ಅವನೂ ಅವಸರದಲ್ಲಿ ಮರೆತ. "ತೆಗೆದೆ" ಇಲ್ಲ, "ಕಂಡೆ" ಇಲ್ಲ. ಎಡರೆಕ್ಕೆಯ ತುದಿಯಲ್ಲಿ ಕೆಂಪು ಕುಲಾವಿ ಹಾಗೇ ಇತ್ತು.

ಊರು ಚಿಕ್ಕದಾಯಿತು. ಕೆರೆ ಬಟ್ಟಲಾಯಿತು. ಮೋಡ ತಿಬ್ಬನ ಮೂಗಿಗೆ ತಾಗಿತು. ಆಗ ಗಿಡುಗ ಆಕಳಿಸಿ ಕೇಳಿತು:

"ಏನಪ್ಪ, ಯಾವಾಗ ಹೊರಡೋದು?"

ತಿಬ್ಬ ಕೂಗಿದ: "ಗಿಡುಗಜ್ಜ, ಹೊರಟು ಎಷ್ಟೊತ್ತಾಯ್ತು! ಮೋಡದ ಮೇಲಿದೀವಿ!"

"ಸುಳ್ಳು ಹೇಳಬೇಡ. ಮೂಗಿಗೆ ಗಾಳೀನೇ ಬರ್ತಿಲ್ಲ. ನಾನು ಮನೆ ಮುಂದೆ ನಿಂತಿದೀನಿ. ನೀನು ಮೇಷ್ಟರಿಗೆ ಮಾಡಿದ ಹಾಗೆ ನನಗೂ ತಮಾಷೆ ಮಾಡ್ತಿದೀಯ."

ಎದುರಿನ ವೇಗ ತೋರಿಸುವ ಮುಳ್ಳು ಸೊನ್ನೆಯಲ್ಲಿ ಕೂತಿತ್ತು. ತಿಬ್ಬ ಎಡಕ್ಕೆ ನೋಡಿದ. ರೆಕ್ಕೆಯ ತುದಿಯಲ್ಲಿ ಕೆಂಪು. ಆಗ ಅವನಿಗೆ ಅಜ್ಜಿಯ ಬರಿಗೈ ನೆನಪಾಯಿತು.

ಕುಲಾವಿ ಕೀಳಲೇಬೇಕು ಅಂದುಕೊಳ್ಳುವಷ್ಟರಲ್ಲಿ ಕಬ್ಬಿಣದ ರಣಹದ್ದುಗಳು ಬಂದು ಸುತ್ತುವರಿದವು. ತುಕ್ಕರಾಯನ ಕಾವಲು ಅವು. ಅವಕ್ಕೆ ಕಣ್ಣಿಲ್ಲ. ಕೇಳಿ ತಿಳಿದುಕೊಳ್ಳುತ್ತಿದ್ದವು. ಕಬ್ಬಿಣಕ್ಕೆ ಕಬ್ಬಿಣದ ಹತ್ತಿರ ಸುಳ್ಳು ಹೇಳಲು ಬರುವುದಿಲ್ಲ. ಹಾರುತ್ತಿದ್ದೇನೆ ಅಂದ ವಿಮಾನವನ್ನೆಲ್ಲ ಅವು ಹರಿದು ಹಾಕಿದ್ದವು.

"ಯಾರದು? ಹಾರ್ತಿದೀಯಾ?"

ತಿಬ್ಬ ಉಸಿರು ಬಿಗಿಹಿಡಿದ.

"ಹಾರೋದೇ?" ಅಂತು ಗಿಡುಗ. "ಎಲ್ಲಿಯ ಹಾರೋದು ತಾಯಿ! ಹಲಗಮ್ಮನ ಮನೆ ಮುಂದೆ ನಿಂತು ನಿಂತು ಕಾಲು ಹಿಡ್ಕೊಂಡಿದೆ."

ಹದ್ದುಗಳು ಅತ್ತ ಇತ್ತ ಕತ್ತು ತಿರುಗಿಸಿದವು. "ಇದು ಹಾರ್ತಾ ಇಲ್ವಂತೆ." "ಹಂಗಾದ್ರೆ ನಾವ್ಯಾಕೆ ಇಲ್ಲಿದೀವಿ?" "ನಾವು ಹಾರ್ತಿದೀವಾ?" ಅಂತ ತಮ್ಮತಮ್ಮಲ್ಲೇ ಜಗಳ ಹತ್ತಿ ದೂರ ಹೋದವು.

ತಿಬ್ಬನ ಉಸಿರು ತಿರುಗಿ ಬಂತು. ಆದರೆ ಟಣ್ ಅಂತು ಒಂದು ಬೋಲ್ಟು. ಟಣ್ ಅಂತು ಇನ್ನೊಂದು. ಅಯ್ಯೋ, ಈಗ ಅಜ್ಜಿ ಏನು ಮರೆತಳೋ!

ಕೆಳಗೆ ಕೆಂಪುಗುಡ್ಡದ ಕೋಟೆ ಕಂಡಿತು.

"ಗಿಡುಗಜ್ಜ, ಇಳಿ!"

"ನಿಂತಿರೋನಿಗೆ ಇಳಿ ಅಂದ್ರೆ ಎಲ್ಲಿಗೆ ಇಳೀಲಿ? ನೆಲ ಅಗೀಲಾ?"

ಬೇರೆ ದಾರಿ ಇರಲಿಲ್ಲ. ತಿಬ್ಬ ಸೀಟಿನಿಂದ ಹೊರಗೆ ತೆವಳಿದ. ಗಾಳಿ ಅಂಗಿಯೊಳಗೆ ನುಗ್ಗಿ ಅವನನ್ನೇ ಸಂಡಿಗೆಯ ಹಾಗೆ ಹಾರಿಸಲು ನೋಡಿತು. ರೆಕ್ಕೆಯ ಕಡ್ಡಿಗಳನ್ನು ತಬ್ಬಿ ತಬ್ಬಿ ತುದಿಗೆ ಹೋದ. ಕೆಳಗೆ ನೋಡಬಾರದು ಅಂದುಕೊಂಡ. ನೋಡಿದ. ಕಣ್ಣು ಮುಚ್ಚಿಕೊಂಡೇ ಕುಲಾವಿ ಎಳೆದ.

ಗಿಡುಗ ಒಂದು ಸಲ ಉಸಿರೆಳೆದುಕೊಂಡಿತು. ಆಮೇಲೆ ಕಿರುಚಿತು ನೋಡಿ! "ಅಯ್ಯಯ್ಯಯ್ಯೋ! ನಾನು ಮೇಲಿದೀನಿ! ಹೇಳಬಾರದೇನೋ, ಕತ್ತೆ!"

ಕಿರುಚುತ್ತಲೇ, ರೆಕ್ಕೆಗೆ ಜೋತುಬಿದ್ದ ತಿಬ್ಬನ ಸಮೇತ ಧುಮುಕಿ, ಕೋಟೆಯ ಅಂಗಳದಲ್ಲಿ ಕುಪ್ಪಳಿಸಿ ಕುಪ್ಪಳಿಸಿ ನಿಂತಿತು.

ಅಂಗಳದ ನಡುವೆ ತುಕ್ಕರಾಯ ಕೂತಿದ್ದ. ಮೈಯೆಲ್ಲ ಕೆಂಪು ಹಕ್ಕಳೆ. ಬಾಯಿಯ ಜಾಗದಲ್ಲಿ ಅಕ್ಕಸಾಲಿಗರ ಊದುಗೊಳವೆಯಂಥ ಉದ್ದ ಮೂತಿ. ಪಕ್ಕದಲ್ಲಿ ಕೊಡ. ಕೊಡದೊಳಗೆ ಇಡೀ ರಾಜ್ಯದ ನೆನಪು ಕಿಲಕಿಲ ಅನ್ನುತ್ತಿತ್ತು.

"ಏನು ಬೇಕೋ?"

"ನಮ್ಮಜ್ಜಿ ಬೋಲ್ಟು."

ತುಕ್ಕರಾಯ ಒಂದು ಸಲ ಊದಿದ. ತಿಬ್ಬ ಸೀಟಿನಿಂದ ಎತ್ತಿಕೊಂಡು ಬಂದಿದ್ದ ಸ್ಪ್ಯಾನರ್ ಪುಡಿಯಾಗಿ ಬೆರಳಸಂದಿಯಿಂದ ಸೋರಿತು. ಎರಡು ಸಲ ಊದಿದ. ಗಿಡುಗನ ಬೋಲ್ಟುಗಳೆಲ್ಲ ಟಣ್ ಟಣ್ ಟಣ್ ಅಂತ ಕಳಚಿ, ಜೀರುಂಡೆಗಳಾಗಿ ಕೊಡಕ್ಕೆ ಬಿದ್ದವು. ಸೀಟಿನ ಕೆಳಗಿನದು ಒಂದು ಮಾತ್ರ ಉಳಿದು ಗಡಗಡ ನಡುಗುತ್ತಿತ್ತು. ಮೂರನೆಯ ಸಲಕ್ಕೆ ತುಕ್ಕರಾಯ ಎದೆ ತುಂಬ ಗಾಳಿ ಎಳೆದುಕೊಂಡ.

ತಿಬ್ಬನ ಕೈಯಲ್ಲಿ ಬಟ್ಟೆಯ ತುಂಡು ಬಿಟ್ಟರೆ ಏನೂ ಇರಲಿಲ್ಲ. ಬಟ್ಟೆಗೆ ತುಕ್ಕು ಹಿಡಿಯುತ್ತದೆಯೇ? ಅದರಲ್ಲೂ ಬೋಲ್ಟಿಗೆ ಸವರಿ ಸವರಿ ಅಜ್ಜಿಯ ಕೈಗಂಟಿದ ಹರಳೆಣ್ಣೆ ವರ್ಷಾನುಗಟ್ಟಲೆ ಕುಡಿದ ಬಟ್ಟೆ! ನೆಗೆದವನೇ ಕುಲಾವಿಯನ್ನು ತುಕ್ಕರಾಯನ ಮೂತಿಗೆ ಹಾಕಿ, ಲಾಡಿ ಎಳೆದು ಗಂಟು ಬಿಗಿದ. ಅಳತೆ ತೆಗೆದು ಹೊಲಿದ ಹಾಗೆ ಕೂತಿತು.

ತುಕ್ಕರಾಯ ಊದಿದ. ಏನೂ ಆಗಲಿಲ್ಲ.

"ಸ್ವಾಮಿ, ಊದ್ತಿದೀರೋ, ಸುಮ್ಮನೆ ಕೂತಿದೀರೋ?" ಅಂದ ತಿಬ್ಬ.

ಮೂತಿ ಮುಚ್ಚಿದವನಿಗೆ ಅದು ಹೇಗೆ ಗೊತ್ತಾಗಬೇಕು? ಊದುತ್ತಿಲ್ಲವೇನೋ ಅಂದುಕೊಂಡು ಇನ್ನೂ ಜೋರಾಗಿ ಊದಿದ. ಊದಿದ್ದೆಲ್ಲ ಒಳಕ್ಕೇ ತಿರುಗಿತು. ಕಾಲು ಪುಡಿಯಾಯಿತು, ಹೊಟ್ಟೆ ಪುಡಿಯಾಯಿತು, ಎದೆ ಪುಡಿಯಾಯಿತು. ಕಡೆಗೆ ಒಂದು ಕೆಂಪು ಗುಡ್ಡೆ, ಅದರ ಮೇಲೆ ಒಂದು ಕೆಂಪು ಕುಲಾವಿ. ತಿಬ್ಬ ಕುಲಾವಿ ಕೊಡವಿ ಜೇಬಿಗಿಟ್ಟ. ಆಕಾಶದಿಂದ ರಣಹದ್ದುಗಳು ಹಳೇ ಪಾತ್ರೆಗಳ ಹಾಗೆ ಡಬಡಬ ಬಿದ್ದವು. ಕೊಡದೊಳಗಿನ ಜೀರುಂಡೆಗಳೆಲ್ಲ ಮತ್ತೆ ಬೋಲ್ಟುಗಳಾದವು.

ಕೊಡ ತೊಡೆಯ ಮೇಲಿಟ್ಟುಕೊಂಡು, ಉಳಿದ ಆ ಒಂದು ಬೋಲ್ಟನ್ನು ಹಿಮ್ಮಡಿಯಲ್ಲಿ ಒತ್ತಿಹಿಡಿದು, ತಿಬ್ಬ ಊರಿನ ಕಡೆ ಹಾರಿದ. ಒಂದು ಬೋಲ್ಟಿನ ಮೇಲೆ ವಿಮಾನ ಹಾರುತ್ತಾ ಅಂತ ಕೇಳಬೇಡಿ. ಆ ಕಾಲದ ಬೋಲ್ಟು ಅದು.

"ಬೀಳಬೇಡ, ಬೀಳಬೇಡ" ಅಂತ ದಾರಿಯುದ್ದಕ್ಕೂ ಬೋಲ್ಟಿಗೆ ಹೇಳಿದ. ಅದೂ ಪಾಪ ಹಿಡಿದುಕೊಂಡಿತ್ತು. ಬಯಲಲ್ಲಿ ಚಕ್ರ ನೆಲಕ್ಕೆ ತಾಗಿದ್ದೇ ತಡ, ಟಣ್. ಹುಲ್ಲಿನಲ್ಲಿ ಉರುಳಿಹೋಯಿತು.

ಅಜ್ಜಿ ಬೆಳಗ್ಗೆ ನಿಂತಲ್ಲೇ ನಿಂತಿದ್ದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತ್ತು. ಬಲಗೈ ಮೇಲೆತ್ತಿದ್ದಳು, ಮುಷ್ಟಿ ಖಾಲಿ.

"ಅಜ್ಜಿ!"

"ಯಾರಪ್ಪ ನೀನು?"

ತಿಬ್ಬ ಇಳಿದು ಎದುರಿಗೆ ಬಂದು ನಿಂತ.

"ಇಲ್ಲಿ ಯಾಕೆ ನಿಂತಿದೀರ... ಅಜ್ಜಿ?"

"ಗೊತ್ತಿಲ್ಲಪ್ಪ. ಈ ಕೈಯಲ್ಲಿ ಏನೋ ಇರಬೇಕಿತ್ತು. ಯಾರೋ ಬರಬೇಕಿತ್ತು. ಅವರು ಬರೋಗಂಟ ಹೋಗಂಗಿಲ್ಲ."

ತಿಬ್ಬ ಜೇಬಿನಿಂದ ಕುಲಾವಿ ತೆಗೆದು ಆ ಮುಷ್ಟಿಯೊಳಗೆ ಇಟ್ಟ. ಅಜ್ಜಿಯ ಬೆರಳುಗಳು ಬಟ್ಟೆಯ ಹೊಲಿಗೆ ತಡವಿದವು. ಆಮೇಲೆ ಅವಳು ಯಾರನ್ನೂ ಕೇಳದೆ ನೇರ ಗಿಡುಗನ ಹತ್ತಿರ ಹೋಗಿ, ಮೂಗಿಗೆ ಕುಲಾವಿ ಹಾಕಿ, ಲಾಡಿ ಕಟ್ಟಿ, ಮನೆಯಿಂದ ಸ್ಪ್ಯಾನರ್ ತಂದು "ಕೊಡು ಇತ್ತ" ಅಂತ ಕೈಚಾಚಿದಳು. ತಲೆ ಮರೆತದ್ದನ್ನು ಕೈ ಮರೆತಿರಲಿಲ್ಲ.

ತಿಬ್ಬ ಒಂದೊಂದೇ ಬೋಲ್ಟು ಕೊಟ್ಟ. ಅಜ್ಜಿ ಒಂದೊಂದೇ ಬಿಗಿದಳು.

ಒಂದು ಬಿಗಿದು, "ಅಯ್ಯೋ, ಸಾರಿಗೆ ಅಷ್ಟೊಂದು ಉಪ್ಪು ಹಾಕಿದ್ನಾ!" ಅಂದಳು. ಇನ್ನೊಂದು ಬಿಗಿದು, "ನಮ್ಮೆಜಮಾನ್ರು... ನನ್ನ ಸಂಡಿಗೆ!" ಅಂತ ನಗತೊಡಗಿದಳು. ನಗುತ್ತಾ ಬಯ್ದಳು, ಬಯ್ಯುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಿಬ್ಬ ಮಾತ್ರ ಹುಲ್ಲಿನಲ್ಲಿ ಮಂಡಿಯೂರಿ ಹುಡುಕುತ್ತಿದ್ದ. ಸಿಕ್ಕಿತು. ಅಂಗಿಗೆ ಒರೆಸಿ ಕೊಟ್ಟ.

ಅಜ್ಜಿ ಸೀಟಿನ ಕೆಳಗೆ ಬಗ್ಗಿ ಬಿಗಿದಳು. ಬಗ್ಗಿದವಳು ಎದ್ದಳು. ತಿಬ್ಬನ ಮುಖವನ್ನೇ ನೋಡಿದಳು. ಗಿಡುಗ ಕೂಡ ಕೆಮ್ಮು ತಡೆದುಕೊಂಡಿತು.

ಫಟಾರ್ ಅಂತ ಬಿತ್ತು ಬೆನ್ನಿಗೆ.

"ಕುಲಾವಿ ತೋರಿಸ್ದೆ ಹೆಂಗ್ಲಾ ಹಾರ್ದೆ, ತಿಬ್ಬ? ನಿಮ್ಮ ತಾತ ಒಂದು ದಿನಾನಾದ್ರೂ ಹಂಗೆ ಹಾರಿದ್ದುಂಟಾ?"

ಆ ಏಟಿನಷ್ಟು ಹಿತವಾದದ್ದು ತಿಬ್ಬನ ಮೈಗೆ ಇನ್ಯಾವುದೂ ಬಿದ್ದಿರಲಿಲ್ಲ. "ಇನ್ನೊಂದು ಹೊಡಿ ಅಜ್ಜಿ" ಅಂದ. ಹೊಡೆದಳು.

ಕೊಡದಲ್ಲಿದ್ದ ಉಳಿದ ಬೋಲ್ಟುಗಳೆಲ್ಲ ಅವರವರ ಮನೆ ಸೇರಿದವು. ಚಿಕ್ಕತಾಯಮ್ಮ ಗಂಡನನ್ನು ಗುರುತು ಹಿಡಿದು ಹಳೇ ಜಗಳ ಬಿಟ್ಟಲ್ಲಿಂದ ಮುಂದುವರಿಸಿದಳು. ರಾಜ ತಾನೇ ರಾಜ ಅಂತ ತಿಳಿದು, ತಿಬ್ಬನಿಗೆ ಅರ್ಧ ರಾಜ್ಯ ತಗೋ ಅಂದ. "ಅದನ್ನ ಯಾರು ಗುಡಿಸ್ತಾರೆ ಮಹಾಸ್ವಾಮಿ, ಒಂದು ಡಬ್ಬ ಹರಳೆಣ್ಣೆ ಕೊಡಿ ಸಾಕು" ಅಂದ ತಿಬ್ಬ.

ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಅಜ್ಜಿ ಬಯಲಲ್ಲಿ ನಿಂತು ಕುಲಾವಿ ಎತ್ತಿ "ತೆಗೆದೆ!" ಅನ್ನುತ್ತಿದ್ದಳು. ತಿಬ್ಬ "ಕಂಡೆ!" ಅನ್ನುತ್ತಿದ್ದ. ಆಮೇಲೆ ಬೇಕೆಂದೇ ಮನೆ ಮೇಲೆ ತಗ್ಗಿ ಹಾರುತ್ತಿದ್ದ.

ಗಾಳಿಗೆರೆಯಲ್ಲಿ ಎಲ್ಲರೂ ಸುಖವಾಗಿದ್ದರು. ಸಂಡಿಗೆಗಳನ್ನು ಬಿಟ್ಟು.