ಅಮ್ಮನ ಬೇರು, ಮಗಳ ಸುಳ್ಳು ವರದಿ

"ಸ್ಯಾಂಪಲ್ ಕೊಡೋಕೆ ಬಂದಿದ್ದೆ... ಇಲ್ಲೇ ಅಲ್ವಾ ಮೇಡಂ?"

ತಲೆಯೆತ್ತಿದವಳ ಕೈಯಲ್ಲಿದ್ದ ಪೆನ್ನು ಹಾಗೇ ನಿಂತಿತು.

ಅವನೇ!

ಹನ್ನೆರಡು ವರ್ಷದ ಹಿಂದೆ ಪತ್ರಿಕೆಯಲ್ಲಿ ಕಂಡ ಮುಖ. ಕೆನ್ನೆ ಸ್ವಲ್ಪ ಇಳಿದಿತ್ತು, ಕಿವಿಯ ಹತ್ತಿರ ಒಂದೆರಡು ಬಿಳಿಕೂದಲು. ಆದರೆ ಆ ಕಣ್ಣುಗಳನ್ನು ಅವಳು ಹೇಗೆ ಮರೆತಾಳು?

'ಗಾಯ ಒಣಗಿಸುವ ಬೇರು ಪತ್ತೆ: ಪ್ರೊಫೆಸರ್ ಮತ್ತು ಶಿಷ್ಯನ ಸಾಧನೆ' ಎಂದಿತ್ತು ಅಂದಿನ ತಲೆಬರಹ. ಅವಳಾಗ ದೂರದ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಳು. ಆ ಶಿಷ್ಯ ಅವಳ ಮನೆಯ ಹೊರಕೋಣೆಯಲ್ಲಿ ಮೂರು ತಿಂಗಳು ಉಳಿದು, ಅಮ್ಮನ ಹಿಂದೆ ಬೆಟ್ಟ ಹತ್ತಿದ್ದ. ಯಾವ ಬೇರು, ಯಾವಾಗ ಕೀಳಬೇಕು, ಎಷ್ಟು ದಿನ ನೆರಳಲ್ಲಿ ಒಣಗಿಸಬೇಕು... ಅಮ್ಮ ಬಾಯಿ ತುಂಬ ಹೇಳಿದ್ದನ್ನೆಲ್ಲ ಬರೆದುಕೊಂಡು ಹೋಗಿದ್ದ. ಸುದ್ದಿಯಲ್ಲಿ ಅಮ್ಮನ ಹೆಸರೇ ಇರಲಿಲ್ಲ! ಮರುವರ್ಷ ಯಾವುದೋ ಔಷಧಿ ಕಂಪನಿ ಬಂದು ಬೆಟ್ಟಕ್ಕೆ ಬೇಲಿ ಹಾಕಿತು. ಬೇರು ಕಿತ್ತು ಹೊಟ್ಟೆ ಹೊರೆಯುತ್ತಿದ್ದ ಹೆಂಗಸರನ್ನು ಕಳ್ಳಿಯರೆಂದು ಅಟ್ಟಿದರು. ಅಂದಿನಿಂದ ಅಮ್ಮ ಯಾರಿಗೂ ಮದ್ದು ಕೊಟ್ಟವಳಲ್ಲ.

ಆ ಸಿಟ್ಟೇ ಅವಳನ್ನು ಓದಿಸಿತ್ತು. ಆ ಸಿಟ್ಟೇ ಅವಳನ್ನು ಈ ಪರೀಕ್ಷಾ ಪ್ರಯೋಗಾಲಯದ ಮುಖ್ಯಸ್ಥೆಯ ಕುರ್ಚಿಯಲ್ಲಿ ಕೂರಿಸಿತ್ತು.

"ಏನು ಸ್ಯಾಂಪಲ್?" ಪೆನ್ನು ಕೆಳಗಿಟ್ಟು ಕೇಳಿದಳು.

"ಒಂದು ಬೇರು ಮೇಡಂ. ಗಾಯಕ್ಕೆ ಹಚ್ಚೋ ಮುಲಾಮು ಮಾಡಬೇಕು ಅಂತ. ನಿಮ್ಮ ವರದಿ ಬಂದ್ರೆ ಪರವಾನಗಿ ಸಿಗುತ್ತೆ."

'ಅದೇ ಬೇರು! ಇನ್ನೂ ಇವನ ಹೊಟ್ಟೆ ತುಂಬಿಲ್ಲವಾ?'

"ಇಟ್ಟು ಹೋಗಿ," ಎಂದಳು. ಒಳಗೊಳಗೇ ಹಲ್ಲು ಕಡಿದಳು. 'ನನ್ನ ಕೈಗೇ ಸಿಕ್ಕಿಬಿದ್ದೆಯಲ್ಲಾ... ಬಾ!'

ಪರೀಕ್ಷೆಗೆ ಒಂದು ತಿಂಗಳು ಬೇಕಿತ್ತು. ಅವನು ದಿನ ಬಿಟ್ಟು ದಿನ ಬರುತ್ತಿದ್ದ. ಬಂದರೆ ಬೆಂಚಿನ ತುದಿಯಲ್ಲಿ ಕೂತು, ಹೆರಿಗೆ ವಾರ್ಡಿನ ಹೊರಗೆ ಕಾಯುವ ಗಂಡನ ಹಾಗೆ ಬಾಗಿಲನ್ನೇ ನೋಡುತ್ತಿದ್ದ.

"ಸುಮ್ಮನೆ ಯಾಕೆ ಬರ್ತೀರಿ? ನೀವು ಕೂತ್ರೆ ಮೆಷಿನ್ ಬೇಗ ಓಡುತ್ತಾ?"

"ಮೆಷಿನ್ ನೋಡೋಕೆ ಅಂತ ಬರ್ತಿದ್ದೆ ಮೇಡಂ..." ಅವನು ತಡವರಿಸಿದ. "ಈಗೀಗ ಅದೊಂದೇ ಕಾರಣ ಅಲ್ಲ."

ಅವಳ ಕಿವಿ ಬಿಸಿಯಾಯಿತು. ಬರಬೇಕಾದ ದಿನ ಅವನು ಬರದಿದ್ದಾಗ ಎರಡು ಸಲ ಬೆಂಚಿನತ್ತ ನೋಡಿದಳು. ನೋಡಿದ್ದಕ್ಕೆ ತನ್ನ ಮೇಲೇ ಅಸಹ್ಯಪಟ್ಟುಕೊಂಡಳು. 'ನಾಚಿಕೆ ಆಗಲ್ವೇನೇ? ಅಮ್ಮನ ಬಾಯಿ ಕಟ್ಟಿಸಿದವನು ಅವನು!'

ಫಲಿತಾಂಶ ಬಂತು. ಬೇರು ಅಪ್ಪಟವಾಗಿತ್ತು. ಒಂದು ಕೊಂಕೂ ಇರಲಿಲ್ಲ.

ಅವಳು ಬಾಗಿಲು ಹಾಕಿಕೊಂಡು ಅಂಕಿಗಳನ್ನು ತಿದ್ದಿದಳು. 'ಲಿವರ್‌ಗೆ ಹಾನಿಕರ. ಬಳಕೆಗೆ ಯೋಗ್ಯವಲ್ಲ' ಎಂದು ಬರೆದು ಸಹಿ ಹಾಕಿದಳು. ಎದೆ ಹಗುರಾಯಿತು!

ವರದಿ ಓದಿ ಅವನು ಕೂಗಾಡಬೇಕಿತ್ತು. ಕಾಲು ಹಿಡಿಯಬೇಕಿತ್ತು. ಅವಳು ಅದಕ್ಕೇ ಕಾದಿದ್ದಳು. ಅವನ ಮುಖ ಮಾತ್ರ ಸುಣ್ಣದ ಹಾಗೆ ಬಿಳುಪಾಯಿತು, ಅಷ್ಟೇ.

"ಹದಿನಾರು ಹೆಂಗಸರು ಇದನ್ನೇ ನಂಬಿಕೊಂಡು ಬೆಳೀತಿದಾರೆ ಮೇಡಂ. ಇನ್ನು ಬೇರು ಒಣಗಿಸೋ ಶೆಡ್‌ಗೆ ಬೀಗ ಬೀಳುತ್ತೆ. ನನ್ನಿಂದ ಅವರಿಗೆ ಹೇಳೋಕೆ ಆಗ್ತಿಲ್ಲ... ನೀವು ಒಂದ್ಸಲ ಬಂದು ಹೇಳ್ತೀರಾ?"

'ಬರ್ತೀನಿ. ನೀನು ಎಲ್ಲರೆದುರು ತಲೆ ತಗ್ಗಿಸೋದನ್ನ ಕಣ್ತುಂಬ ನೋಡ್ತೀನಿ.'

ಎರಡು ದಿನದ ನಂತರ ಅವನ ಜೀಪು ಮುಖ್ಯರಸ್ತೆ ಬಿಟ್ಟು ಎಡಕ್ಕೆ ಹೊರಳಿದಾಗ ಅವಳು ಹೊರಗೆ ಬಗ್ಗಿ ನೋಡಿದಳು. ಈ ತಿರುವು... ಈ ಇಟ್ಟಿಗೆ ಗೂಡು... ಇದು ಅವಳೂರಿನ ದಾರಿ!

ಬೀಗ ಹಾಕಿದ ಶೆಡ್ಡಿನ ಮುಂದೆ ಹೆಂಗಸರು ಕೂತಿದ್ದರು. ನಡುವೆ ಕೂತಿದ್ದವಳು ಎದ್ದು ಬಂದಳು.

"ಅಮ್ಮಾ... ನೀನು ಇಲ್ಲಿ?!"

ಅವನು ಒಮ್ಮೆ ಅವಳನ್ನು, ಒಮ್ಮೆ ಅಮ್ಮನನ್ನು ನೋಡಿದ. "ಇವರು... ನಿಮ್ಮಮ್ಮನಾ?"

"ತೋಟದ ಕೆಲಸಕ್ಕೆ ಹೋಗ್ತೀನಿ ಅಂತ ಫೋನಲ್ಲಿ ಹೇಳಿದ್ನಲ್ಲ, ಇದೇ ತೋಟ," ಅಮ್ಮ ತಣ್ಣಗೆ ಹೇಳಿದಳು. "ಇವನ ಸುದ್ದಿ ಎತ್ತಿದ್ರೆ ನೀನು ಉರಿದು ಬೀಳ್ತಿದ್ದೆ. ಅದಕ್ಕೇ ಬಾಯಿ ಬಿಡಲಿಲ್ಲ."

"ಇವನು ನಿನಗೆ ಮೋಸ ಮಾಡಿದವನಮ್ಮಾ!"

"ಹೌದು, ಮಾಡಿದ." ಅಮ್ಮ ಅವನತ್ತ ತಿರುಗಿದಳು. "ಹೇಳೋ, ಮುಚ್ಚಿಡಬೇಡ."

"ಪ್ರೊಫೆಸರ್ ನಿಮ್ಮಮ್ಮನ ಹೆಸರು ಹೊಡೆದುಹಾಕಿದ್ರು," ಎಂದ ಅವನು. "ಡಿಗ್ರಿ ಎಲ್ಲಿ ಹೋಗುತ್ತೋ ಅಂತ ನಾನು ಸುಮ್ಮನಿದ್ದೆ. ಹೆದರಿದ್ದೆ. ಅದು ನನ್ನ ತಪ್ಪೇ."

"ನಾಲ್ಕು ವರ್ಷದ ಹಿಂದೆ ಕೆಲಸ ಬಿಟ್ಟು ನಮ್ಮ ಬಾಗಿಲಿಗೆ ಬಂದ," ಎಂದಳು ಅಮ್ಮ. "ಒಂದು ಬಿಂದಿಗೆ ನೀರು ತಲೆ ಮೇಲೆ ಸುರಿದೆ. ಒದ್ದೆ ಬಟ್ಟೆಯಲ್ಲೇ ಹೋದ. ಮರುದಿನ ಮತ್ತೆ ಬಂದ. ಬೆಟ್ಟಕ್ಕೆ ಬಿಡದಿದ್ರೆ ಹೊಲದಲ್ಲೇ ಬೆಳೆಯೋಣ, ಈ ಸಲ ಪರವಾನಗಿ ಅರ್ಜಿಯಲ್ಲಿ ನಿಮ್ಮ ಹೆಸರೇ ಮೊದಲು ಅಂದ. ಹಾಗೇ ಮಾಡಿದ."

ಅರ್ಜಿ! ಅದು ಹೋಗುವುದು ಪರವಾನಗಿ ಕಚೇರಿಗೆ; ಪ್ರಯೋಗಾಲಯಕ್ಕೆ ಬರುವುದು ಬರೀ ನಂಬರು ಬರೆದ ಚೀಲ. ಅರ್ಜಿಯನ್ನು ಅವಳು ನೋಡಿಯೇ ಇರಲಿಲ್ಲ.

"ಬೀಗ ಹಾಕೋಕೆ ಬಂದವರು ನನ್ನ ಬೇರು ವಿಷ ಅಂದ್ರು, ಹೌದೇನೇ?" ಅಮ್ಮನ ದನಿ ಮೊದಲ ಸಲ ಒಡೆಯಿತು. "ನಿನ್ನ ಮೊಣಕಾಲಿನ ಗಾಯಕ್ಕೆ ಹಚ್ಚಿದ್ದೂ ಅದನ್ನೇ..."

ಅವಳು ಅಮ್ಮನ ಕೈ ಹಿಡಿದುಕೊಂಡಳು.

"ವಿಷ ಅಲ್ಲಮ್ಮಾ. ವರದಿ ಸುಳ್ಳು. ನಾನೇ... ನಾನೇ ಬರೆದೆ. ನಿನಗೋಸ್ಕರ ಸೇಡು ತೀರಿಸ್ಕೋಬೇಕು ಅಂತ."



"ನನ್ನ ಸಿಟ್ಟು ನಂದು. ಯಾವಾಗ ಬಿಡಬೇಕು ಅಂತ ನನಗೆ ಗೊತ್ತಿತ್ತು," ಎಂದಳು ಅಮ್ಮ. "ನೀನ್ಯಾಕೆ ಅದನ್ನ ಹೊತ್ಕೊಂಡು ತಿರುಗಿದೆ?"

ಅವನು ಅವಳನ್ನೇ ನೋಡಿದ. ಆ ನೋಟದಲ್ಲಿ ಬೆಂಚಿನ ಮೇಲೆ ಕೂತಾಗಿನ ಮೃದುತನ ಇರಲಿಲ್ಲ. "ನನ್ನನ್ನ ಹೊಡೆದಿದ್ರೆ ತಡ್ಕೋತಿದ್ದೆ. ಇವರನ್ನ ಹೊಡೆದ್ರಿ," ಎಂದು ಹೇಳಿ ಹೊರಟುಹೋದ.

ಮರುದಿನವೇ ಅವಳು ನಿರ್ದೇಶಕರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡಳು. ಕೆಲಸ ಹೋಯಿತು. ಇನ್ನು ಯಾವ ಪ್ರಯೋಗಾಲಯವೂ ಅವಳ ಸಹಿಯನ್ನು ನಂಬುವಂತಿರಲಿಲ್ಲ. ಬೇರು ಬೇರೆಡೆ ಪರೀಕ್ಷೆಗೆ ಹೋಯಿತು. ಅವಳು ಊರಿಗೆ ಬಂದು ಹೊಲದಲ್ಲಿ ಕಳೆ ಕಿತ್ತಳು. ಹೆಂಗಸರು ಮೊದಮೊದಲು ಮಾತಾಡಿಸಲಿಲ್ಲ. ಅಮ್ಮ ಅವಳ ಪರ ಒಂದು ಮಾತನ್ನೂ ಆಡಲಿಲ್ಲ. ಅವನು ಬರುತ್ತಿದ್ದ, ಎಲ್ಲರನ್ನೂ ಮಾತಾಡಿಸುತ್ತಿದ್ದ. ಅವಳ ಸಾಲನ್ನು ಮಾತ್ರ ದಾಟಿ ಹೋಗುತ್ತಿದ್ದ. ಆ ಹೆಜ್ಜೆ ಸಪ್ಪಳ ದೂರವಾಗುವಾಗಲೆಲ್ಲ ಅವಳ ಕಣ್ಣು ಮಂಜಾಗುತ್ತಿತ್ತು.

ಮೂರನೇ ತಿಂಗಳು ಹೊಸ ವರದಿ ಬಂತು. ಬೇರು ಅಪ್ಪಟ! ಶೆಡ್ಡಿನ ಬೀಗ ತೆಗೆದರು. ಹೆಂಗಸರ ಗದ್ದಲದ ನಡುವಿನಿಂದ ಅವನು ನೇರ ಅವಳ ಸಾಲಿಗೆ ಬಂದು, ಎದುರಿಗೆ ಮಣ್ಣಲ್ಲೇ ಕೂತ.

"ನಿಮ್ಮ ಮೇಲೆ ತುಂಬ ಸಿಟ್ಟಿತ್ತು," ಎಂದ. "ಆಮೇಲೆ ಅನ್ನಿಸ್ತು... ನನ್ನ ತಪ್ಪನ್ನ ಹನ್ನೆರಡು ವರ್ಷ ನನ್ನಷ್ಟೇ ನೆನಪಿಟ್ಕೊಂಡಿದ್ದವರು ನೀವೊಬ್ಬರೇ."

"ನಾನು ಮಾಡಿದ್ದು ಅದಕ್ಕಿಂತ ದೊಡ್ಡ ತಪ್ಪು. ಕ್ಷಮಿಸಿ ಅಂತ ಕೇಳೋಕೂ ನಾಚಿಕೆ ಆಗುತ್ತೆ."

"ಕೇಳಬೇಡಿ. ನಾನೇ ಒಂದು ಕೇಳಬೇಕು. ನಿಮ್ಮಮ್ಮನ ಹತ್ರ ಕೇಳಿದ್ದೆ."

"ಏನಂದ್ಳು?"

"ಮದುವೆ ಆಗೋಳು ಅವಳು, ನನ್ನನ್ಯಾಕೆ ಕೇಳ್ತೀಯ ಅಂದ್ರು."

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ಹಾಗಾದ್ರೆ... ಕೇಳಿ."

"ಭಯ ಆಗ್ತಿದೆ."

"ನನಗೂ," ಎಂದಳು ಅವಳು, ಮಣ್ಣಾದ ಕೈಯನ್ನು ಅವನ ಕೈಯೊಳಗೆ ಇಡುತ್ತಾ. "ಆದ್ರೂ ಕೇಳಿ."